ಶಕ್ತಿವರ್ಧಕದ ವಿವೇಕ

(ನಾಸಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತದಲ್ಲಿ ನಡೆದ ಕನ್ನಡಿಗರ ಕೂಟದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ, ಸಂಗೀತ, ಕನ್ನಡ ಶಾಲೆ, ಗಡಿ ಪ್ರಶ್ನೆ ಮೊದಲಾದ ವಿಷಯಗಳಿಗೆ ಮೀಸಲಾದ ಈ ವೇದಿಕೆಯ ಮೇಲೆ ಹವ್ಯಾಸಿ ರೇಡಿಯೋದ ಶಕ್ತಿವರ್ಧಕವನ್ನು ಕುರಿತು ಮಾತನಾಡಬೇಕೆಂದು ನನಗೆ ಆಜ್ಞೆಯಾಗಿದೆ. ಈರುಳ್ಳಿ, ಟೊಮೆಟೊ, ದ್ರಾಕ್ಷಿಗಳ ಮಾರುಕಟ್ಟೆಯ ಈ ಊರಿನಲ್ಲಿ ಶೀತಲಗೃಹಗಳ ವಿದ್ಯುತ್ ಕೆಲಸ ಮಾಡಿಕೊಂಡು ಬದುಕುತ್ತಿರುವವನು ನಾನು. ಬಿಡುವಿನ ವೇಳೆಯಲ್ಲಿ ಬೆಸುಗೆ ಹಾಕುವುದು, ಸುರುಳಿ ಸುತ್ತುವುದು, ಆಮೇಲೆ ದೂರದವರೊಡನೆ ಮಾತನಾಡುವುದು ನನ್ನ ಹವ್ಯಾಸ. ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಈ ವಿಷಯದಲ್ಲಿ ಕಲಿಯತಕ್ಕದ್ದು ಏನೋ ಇದೆ ಎಂಬ ನಂಬಿಕೆಯಿಂದಲೇ ಈ ಕೆಲಸವನ್ನು ಒಪ್ಪಿಕೊಂಡಿದ್ದೇನೆ.

ನಮ್ಮ ಯುವಕರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಇಲ್ಲಿಂದ ಧಾರವಾಡ ನೇರ ಹಾದಿಯಲ್ಲಿ ಸುಮಾರು 530 ಕಿಲೋಮೀಟರ್, ಬೆಂಗಳೂರು ಸುಮಾರು 900 ಕಿಲೋಮೀಟರ್. ಇನ್ನಷ್ಟು ವ್ಯಾಟ್ ಶಕ್ತಿ ಇದ್ದರೆ ನಮ್ಮ ದನಿ ಊರಿಗೆ ಇನ್ನೂ ಚೆನ್ನಾಗಿ ತಲುಪುವುದಿಲ್ಲವೇ? ಪ್ರಶ್ನೆ ಸಹಜವಾದದ್ದು. ಉತ್ತರ ಮಾತ್ರ ಅಷ್ಟು ನೇರವಾದದ್ದಲ್ಲ.

ಮೊದಲು ಕನ್ನಡ ನಾಡಿನ ಒಂದು ಉದಾಹರಣೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಒಂದು ಬಾನುಲಿ ನಿಲಯವನ್ನು ಆರಂಭಿಸಿದರು. ಅದರ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಇಂದು ನಮ್ಮ ಮನೆಯ ಬಾಗಿಲಲ್ಲಿ ಉರಿಯುವ ಹಳೆಯ ಕಾಲದ ಒಂದು ಬಲ್ಬು ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಆ ನಿಲಯಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. 1950ರ ದಶಕದಲ್ಲಿ ಇಡೀ ದೇಶದ ಪ್ರಸಾರ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಮುಂದೆ ಮೈಸೂರಿನ ನಿಲಯಕ್ಕೆ 250 ವ್ಯಾಟಿನ ಪ್ರೇಷಕ ಬಂದಿತು. ಆದರೆ ನಾಡಿನ ಕಿವಿಯನ್ನು ತೆರೆಸಿದ್ದು ಮೊದಲಿನ ಆ 30 ವ್ಯಾಟ್ ಎಂಬುದನ್ನು ನಾವು ಮರೆಯಬಾರದು.

ಗೋಪಾಲಸ್ವಾಮಿಯವರದು ಪ್ರಸಾರ: ಒಬ್ಬರು ಹೇಳುವುದು, ಹಲವರು ಕೇಳುವುದು. ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಬೇರೆ ಬಗೆಯದು. ಇಲ್ಲಿ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದ ಇಬ್ಬರು ಒಬ್ಬರಿಗೊಬ್ಬರು ಮಾತನಾಡುತ್ತಾರೆ. ಹೇಳುವವನೇ ಕೇಳುವವನೂ ಹೌದು. ಈ ಭೇದವನ್ನು ನೆನಪಿನಲ್ಲಿಡಿ. ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ನಾವು ನೆಲೆಸಿರುವ ಈ ಸೀಮೆಯ ಉದಾಹರಣೆ. ನಾಸಿಕ್ ರೋಡಿನಲ್ಲಿ ಮೋಟ್ವಾನೆ ಕಂಪನಿಯ ಕಾರ್ಖಾನೆ ಇರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಸ್ವಾತಂತ್ರ್ಯಪೂರ್ವದಲ್ಲಿ ‘ಶಿಕಾಗೋ ರೇಡಿಯೋ’ ಎಂಬ ಹೆಸರಿನಿಂದ ಕಾಂಗ್ರೆಸ್ ಸಭೆಗಳಿಗೆ ಧ್ವನಿವರ್ಧಕಗಳನ್ನು ಒದಗಿಸುತ್ತಿದ್ದುದು ಇದೇ ಮನೆತನ. 1942ರಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಪ್ತವಾಗಿ ‘ಕಾಂಗ್ರೆಸ್ ರೇಡಿಯೋ’ ನಡೆಸಿದರಷ್ಟೆ. ಅದಕ್ಕೆ ಸಲಕರಣೆ ಒದಗಿಸಿದ ಆರೋಪದ ಮೇಲೆ ನಾನಿಕ್ ಮೋಟ್ವಾನೆಯವರೂ ಬಂಧಿತರಾದರು. ಮೊಕದ್ದಮೆಯಲ್ಲಿ ಅವರು ಬಿಡುಗಡೆ ಹೊಂದಿದರು. ಉಷಾ ಮೆಹ್ತಾ ಅವರಿಗೆ 4 ವರ್ಷಗಳ ಸೆರೆವಾಸವಾಯಿತು. ಆ ನಿಲಯ ಮಾತನಾಡುತ್ತಿದ್ದುದು 42.34 ಮೀಟರ್ ತರಂಗಾಂತರದಲ್ಲಿ. ಲೆಕ್ಕ ಹಾಕಿದರೆ ಅದು ಸುಮಾರು 7,080 ಕಿಲೋಹರ್ಟ್ಸ್. ಇಂದು ಹವ್ಯಾಸಿಗಳು ಬಳಸುವ 40 ಮೀಟರ್ ಪಟ್ಟಿಯ ಒಳಗೇ ಬರುತ್ತದೆ. ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತ, ಪೊಲೀಸರ ಕಣ್ಣು ತಪ್ಪಿಸುತ್ತ ಅದು ಬದುಕಿದ್ದುದು ಮೂರು ತಿಂಗಳಿಗೂ ಕಡಿಮೆ ಕಾಲ. ನವೆಂಬರ್ 12ರಂದು ಪೊಲೀಸರು ಅದನ್ನು ಹಿಡಿದರು. ಸಾಮ್ರಾಜ್ಯವು ಹೆದರಿದ್ದು ಅದರ ವ್ಯಾಟುಗಳಿಗಲ್ಲ. ಸರ್ಕಾರದ ರೇಡಿಯೋ ಹೇಳದೆ ಬಿಟ್ಟದ್ದನ್ನು ಅದು ಹೇಳುತ್ತಿತ್ತು, ಹೆದರಿಕೆ ಅದಕ್ಕೆ.

ಈಗ ವ್ಯಾಟಿನ ಲೆಕ್ಕಕ್ಕೆ ಬರೋಣ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು, ಅವರ ಕರೆಸಂಕೇತ ವಿಯು2ಇಎಸ್ಇ, ಸುಮಾರು ಎರಡು ದಶಕಗಳ ಹಿಂದೆ ‘ಬಿಟ್‌ಎಕ್ಸ್’ ಎಂಬ ಸರಳ ಪ್ರೇಷಕ-ಗ್ರಾಹಕವನ್ನು ರೂಪಿಸಿದರು. ನಮ್ಮ ದೇಶದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ಅದನ್ನು ಕಟ್ಟಬೇಕೆಂಬುದು ಅವರ ಸಂಕಲ್ಪ. ಜಗತ್ತಿನ ಎಷ್ಟೋ ಹವ್ಯಾಸಿಗಳು ಅದನ್ನು ಕೈಯಾರೆ ಕಟ್ಟಿದ್ದಾರೆ. ಅದರ ಶಕ್ತಿ ಸುಮಾರು 6 ವ್ಯಾಟ್. ಅದನ್ನೇ ನಮ್ಮ ಏಣಿಯ ಮೊದಲ ಮೆಟ್ಟಿಲೆಂದು ಇಟ್ಟುಕೊಳ್ಳಿ.

ಗ್ರಾಹಕದಲ್ಲಿ ಸಂಕೇತದ ಬಲವನ್ನು ತೋರಿಸುವ ಒಂದು ಮಾಪಕವಿರುತ್ತದೆ. ಅದರ ಮುಳ್ಳು ಒಂದು ಗೆರೆ ಮೇಲೇರಬೇಕಾದರೆ ಕಳುಹಿಸುವವನು ತನ್ನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಬೇಕು. ಇದು ಒಪ್ಪಿತವಾದ ಅಳತೆ: 6 ಡೆಸಿಬೆಲ್‌ಗೆ ಒಂದು ಗೆರೆ. ಹಾಗಾದರೆ 6 ವ್ಯಾಟಿನಿಂದ 24ಕ್ಕೆ ಹೋದರೆ ಒಂದು ಗೆರೆ. 24ರಿಂದ 96ಕ್ಕೆ ಇನ್ನೊಂದು ಗೆರೆ. 96ರಿಂದ 384ಕ್ಕೆ ಮತ್ತೊಂದು ಗೆರೆ. ಮೊದಲ ಮೆಟ್ಟಿಲನ್ನು ಹತ್ತಲು 18 ವ್ಯಾಟ್ ಸಾಕಾಯಿತು. ಮೂರನೆಯದಕ್ಕೆ 288 ವ್ಯಾಟ್ ಬೇಕಾಯಿತು. ಧಾರವಾಡದಲ್ಲಿ ಕುಳಿತ ಕೇಳುಗನಿಗೆ ಎರಡರಿಂದಲೂ ಆದ ಲಾಭ ಒಂದೇ ಒಂದು ಗೆರೆ. ಮೈಸೂರಿನ ನಿಲಯ 30ರಿಂದ 250ಕ್ಕೆ ಏರಿದಾಗ ದೊರೆತದ್ದು ಇದೇ ಲೆಕ್ಕದಲ್ಲಿ ಸುಮಾರು ಒಂದೂವರೆ ಗೆರೆ. ಎರಡು ಪಟ್ಟು ಶಕ್ತಿ ಎಂದರೆ ಎರಡು ಪಟ್ಟು ದನಿ ಎಂದು ತಿಳಿದವರು ಮೊದಲು ಈ ಏಣಿಯನ್ನು ನೋಡಬೇಕು.

ಹಾಗೆಂದ ಮಾತ್ರಕ್ಕೆ ಶಕ್ತಿವರ್ಧಕ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಗದ್ದಲದಲ್ಲಿ ಮುಳುಗಿದ ಮಾತು ಎರಡು ಗೆರೆ ಮೇಲೆದ್ದರೆ ಅರ್ಥವಾದೀತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಡಿಸೆಂಬರಿನ ಸುನಾಮಿ ಬಂದಾಗ ಟೆಲಿಫೋನ್ ತಂತಿಗಳು ಸತ್ತುಹೋಗಿದ್ದವು. ಹವ್ಯಾಸಿಗಳ ಯಂತ್ರಗಳು ಬದುಕಿದ್ದವು. ಸುನಾಮಿಯ ಹೊತ್ತಿಗೆ ಹವ್ಯಾಸಿಗಳ ತಂಡವೊಂದು ಪೋರ್ಟ್ ಬ್ಲೇರಿನಲ್ಲಿಯೇ ಇತ್ತು. ಅದನ್ನು ನಡೆಸುತ್ತಿದ್ದ ಭಾರತಿ ಪ್ರಸಾದ್ ಅವರು ದ್ವೀಪದಿಂದ ಭೂಖಂಡಕ್ಕೆ ಸುದ್ದಿ ಮುಟ್ಟಿಸಿದ್ದು ಇಂದಿಗೂ ಸ್ಮರಣೀಯ. ಅಂಥ ಗಳಿಗೆಯಲ್ಲಿ ಒಂದು ಗೆರೆಯ ಬೆಲೆ ಒಂದು ಜೀವವಾದೀತು. ಆದುದರಿಂದ ಶಕ್ತಿವರ್ಧಕವನ್ನು ಕಟ್ಟಬೇಕು. ಆದರೆ ಅದನ್ನು ತಿಳಿದು ಕಟ್ಟಬೇಕು.

ಶಕ್ತಿವರ್ಧಕ ಮಾಡುವ ಕೆಲಸವೇನು? ಅದು ಮಾತನ್ನು ಹುಟ್ಟಿಸುವುದಿಲ್ಲ. ದೊಡ್ಡ ವಿದ್ಯುತ್ ಪ್ರವಾಹವೊಂದನ್ನು ಚಿಕ್ಕ ಸಂಕೇತದ ತಾಳಕ್ಕೆ ಕುಣಿಸುವುದಷ್ಟೇ ಅದರ ಕೆಲಸ. ಕಾಲುವೆಯ ತೂಬನ್ನು ಎಣಿಸಿಕೊಳ್ಳಿ. ತೂಬಿನ ಹಲಗೆಯನ್ನು ಎತ್ತಿಳಿಸುವ ಕೈಬಲ ಅಲ್ಪ. ಹರಿಯುವ ನೀರು ಅಪಾರ. ಹಿಂದಿನ ತಲೆಮಾರಿನ ಹವ್ಯಾಸಿಗಳಿಗೆ ಆ ತೂಬು 807 ಎಂಬ ವಾಲ್ವ್. 1936ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಹೊರತಂದ ಈ ಗಾಜಿನ ಕೊಳವೆ ಎರಡನೆಯ ಮಹಾಯುದ್ಧದ ಸೇನಾ ಯಂತ್ರಗಳಲ್ಲಿ ಧಾರಾಳವಾಗಿ ಬಳಕೆಯಾಯಿತು. ಯುದ್ಧ ಮುಗಿದ ಮೇಲೆ ಗುಜರಿ ಅಂಗಡಿಗಳಿಗೆ ಬಂದು, ನಮ್ಮ ದೇಶದ ಬಡ ಹವ್ಯಾಸಿಯ ಕೈಗೂ ಸಿಕ್ಕಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸ್ಥಾಪನೆಯಾಗಿ 1961ರಲ್ಲಿ ಗ್ರಾಹಕ ವಾಲ್ವುಗಳನ್ನು, 1964ರಲ್ಲಿ ಆಕಾಶವಾಣಿಗೆ ಪ್ರೇಷಕಗಳನ್ನು ತಯಾರಿಸತೊಡಗಿತು. ಹೊರದೇಶದ ಸಿದ್ಧ ಯಂತ್ರಗಳ ಮೇಲಿನ ಆಮದು ಕಟ್ಟಳೆಗಳು ಸಡಿಲವಾದದ್ದು 1980ರ ದಶಕದಲ್ಲಿ. ಅದಕ್ಕೆ ಮೊದಲು ಹವ್ಯಾಸಿಯಾಗುವುದೆಂದರೆ ಸ್ವತಃ ಕಟ್ಟುವುದೆಂದೇ ಅರ್ಥ.

ಎರಡು 807 ವಾಲ್ವುಗಳನ್ನು ಜೋಡಿಸಿ 750 ವೋಲ್ಟ್ ಕೊಟ್ಟು 0.2 ಆಂಪಿಯರ್ ಹರಿಸಿದರೆ 150 ವ್ಯಾಟ್ ಒಳಹೋಗುತ್ತದೆ. ಆದರೆ ಆ ವಾಲ್ವುಗಳು ಬಯಸುವ ಹೊರೆ ಸುಮಾರು 1,900 ಓಂ. ಏರಿಯಲ್‌ಗೆ ಹೋಗುವ ತಂತಿಯದು 50 ಓಂ. ದೊಡ್ಡ ಎತ್ತಿಗೂ ಕರುವಿಗೂ ಒಂದೇ ನೊಗ ಹೂಡಿದರೆ ಗಾಡಿ ನಡೆಯುವುದಿಲ್ಲ. ಇವೆರಡನ್ನೂ ಸರಿದೂಗಿಸಲು ನಡುವೆ ಒಂದು ಸುರುಳಿ, ಅದರ ಎರಡು ತುದಿಗೆ ಎರಡು ಕೆಪಾಸಿಟರ್ ಇಡುತ್ತೇವೆ. ಇಂದಿನವರು ವಾಲ್ವಿನ ಬದಲು ಐಆರ್‌ಎಫ್510ರಂಥ ಅಗ್ಗದ ಮಾಸ್‌ಫೆಟ್‌ಗಳನ್ನು ಬಳಸುತ್ತಾರೆ. ಅಲ್ಲಿ ಕಷ್ಟ ತಿರುವುಮುರುವು. 12 ವೋಲ್ಟಿನಲ್ಲಿ 50 ವ್ಯಾಟ್ ಪಡೆಯಬೇಕಾದರೆ ಹೊರೆ 6 ಓಂಗೂ ಕಡಿಮೆ ಇರಬೇಕು. ಅದನ್ನು 50ಕ್ಕೆ ಏರಿಸಲು ಫೆರೈಟ್ ತಿರುಳಿನ ಮೇಲೆ 1ಕ್ಕೆ 3 ಸುತ್ತಿನ ಲೆಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೋ ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿಯೋ ಅಲೆದು ತಂದ ಫೆರೈಟಿನ ಜಾತಿ ಯಾವುದೆಂದು ಅಳೆದು ನೋಡದೆ ಸುತ್ತಿದರೆ ಶಕ್ತಿಯೆಲ್ಲ ಅದನ್ನು ಕಾಯಿಸುವುದರಲ್ಲೇ ಮುಗಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾತಿನಲ್ಲಿ ಪಿಸುದನಿಯೂ ಉಂಟು, ಏರುದನಿಯೂ ಉಂಟು. ವರ್ಧಕವು ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಅದಕ್ಕಾಗಿ ಮಾತಿಲ್ಲದ ಹೊತ್ತಿನಲ್ಲಿಯೂ ಅದರೊಳಗೆ ಸ್ವಲ್ಪ ಪ್ರವಾಹ ಹರಿಯುತ್ತಿರಬೇಕು. ಮೌನದಲ್ಲಿಯೂ ಅದು ಎಚ್ಚರವಾಗಿರಬೇಕು. ಈ ಎಚ್ಚರಕ್ಕೆ ತಗಲುವ ವಿದ್ಯುತ್ತನ್ನು ದಂಡವೆಂದು ಬಗೆದು ಉಳಿಸಹೊರಟರೆ ಪಿಸುದನಿ ಕತ್ತರಿಸಿಹೋಗುತ್ತದೆ. ಇನ್ನೊಂದು ತುದಿಯಲ್ಲಿ, ತಾಳಿಕೊಳ್ಳುವ ಮಿತಿಯನ್ನು ಮೀರಿ ದೂಡಿದರೆ ಏರುದನಿಯ ತಲೆ ಚಪ್ಪಟೆಯಾಗುತ್ತದೆ. ಆಗ ನಿಮ್ಮ ಮಾತು ನಿಮ್ಮ ಜಾಗದಲ್ಲಿ ನಿಲ್ಲುವುದಿಲ್ಲ. ಅಕ್ಕಪಕ್ಕದ ಕಂಪನಾಂಕಗಳಲ್ಲಿ ಮಾತನಾಡುತ್ತಿರುವವರ ಮೇಲೆ ಚೆಲ್ಲಾಡುತ್ತದೆ. ಕೂಗಿದವನಿಗೆ ತಾನು ಬಲಿಷ್ಠನೆಂಬ ಭ್ರಮೆ, ನೆರೆಯವನಿಗೆ ಕಿವಿಶೂಲೆ.

ನೆರೆಯ ಮಾತು ಬಂದಿತು. 7.1 ಮೆಗಾಹರ್ಟ್ಸ್‌ನಲ್ಲಿ ಮಾತನಾಡುವ ವರ್ಧಕ 14.2ರಲ್ಲಿ, 21.3ರಲ್ಲಿ ತನ್ನ ನೆರಳುಗಳನ್ನು ಹುಟ್ಟಿಸುತ್ತದೆ. ಏಳನೆಯ ನೆರಳು 49.7 ಮೆಗಾಹರ್ಟ್ಸ್. ಹಿಂದಿನ ದೂರದರ್ಶನ ಪ್ರಸಾರದ ಮೊದಲ ಪಟ್ಟಿ 47ರಿಂದ 68 ಮೆಗಾಹರ್ಟ್ಸ್‌ವರೆಗೆ ಇತ್ತು. ಮಾಡಿನ ಮೇಲೆ ಎತ್ತರದ ಆಂಟೆನಾ ಕಟ್ಟಿ, ದೂರದ ಪ್ರೇಷಕದಿಂದ ಬರುವ ಕ್ಷೀಣ ಚಿತ್ರವನ್ನು ಇಡೀ ಓಣಿ ಒಂದೇ ಮನೆಯಲ್ಲಿ ಕುಳಿತು ನೋಡುತ್ತಿದ್ದ ಕಾಲ ನಿಮಗೆ ನೆನಪಿರಬಹುದು. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ನಡೆಯುತ್ತಿರುವಾಗ ಪರದೆಯ ಮೇಲೆ ಗೆರೆಗಳೆದ್ದರೆ ಹವ್ಯಾಸಿಯ ಬಾಗಿಲಿಗೆ ಜನ ಬರುತ್ತಿದ್ದರು. ಹೊರಗಿನಿಂದ ಬಂದು ನೆಲೆಸಿದವನ ಬಾಗಿಲಾದರೆ ಮಾತು ಯಂತ್ರವನ್ನು ಬಿಟ್ಟು ಇನ್ನೆಲ್ಲಿಗೋ ಹೋಗುವ ಅಪಾಯವೂ ಇತ್ತು. ಇದಕ್ಕೆ ಪರಿಹಾರ ವಾದವಲ್ಲ, ಶೋಧಕ. ವರ್ಧಕದ ಹೊರಬಾಗಿಲಲ್ಲಿ ಕೆಲವು ಸುರುಳಿ, ಕೆಲವು ಕೆಪಾಸಿಟರ್ ಸೇರಿಸಿ ಕಟ್ಟಿದ ಶೋಧಕವು ಮೂಲ ಕಂಪನವನ್ನು ಬಿಟ್ಟುಕೊಟ್ಟು ಮೇಲಿನ ನೆರಳುಗಳನ್ನು ತಡೆಯುತ್ತದೆ. ಆ ಅನಲಾಗ್ ಪ್ರಸಾರ ಇಂದು ಇಲ್ಲ. ಆದರೆ ಶೋಧಕವಿಲ್ಲದ ವರ್ಧಕವನ್ನು ಏರಿಯಲ್‌ಗೆ ಜೋಡಿಸುವುದು ಇಂದಿಗೂ ಅಪರಾಧವೆಂದೇ ನಾನು ಭಾವಿಸುತ್ತೇನೆ.

ಇನ್ನು ಎಚ್ಚರಿಕೆಯ ಮಾತು. ಮಾತಿಗೆ ತಕ್ಕ ವರ್ಧಕದಿಂದ 100 ವ್ಯಾಟ್ ಹೊರಬರಬೇಕಾದರೆ 170-180 ವ್ಯಾಟ್ ಒಳಹೋಗಬೇಕು. ಉಳಿದದ್ದೆಲ್ಲ ಶಾಖ. ನಮ್ಮ ಊರಿನ ವೈಶಾಖದ ಬಿಸಿಲಿನಲ್ಲಿ ಅದನ್ನು ಹೊರಹಾಕಲು ದಪ್ಪ ಅಲ್ಯೂಮಿನಿಯಮ್ ರೆಕ್ಕೆಗಳೂ ಬೀಸಣಿಗೆಯೂ ಬೇಕು. ವಾಲ್ವಿನ ಯಂತ್ರದಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. 750 ವೋಲ್ಟಿನಲ್ಲಿ 40 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 11 ಜೌಲ್ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ದೀಪ ನಂದಿದ ಮೇಲೆಯೂ ಅದು ಅಲ್ಲಿ ಕಾದಿರುತ್ತದೆ. ಮುಟ್ಟಿದವನ ಎದೆಯನ್ನು ನಿಲ್ಲಿಸಬಲ್ಲುದು. ಅದಕ್ಕೆ ಅಡ್ಡಲಾಗಿ 50 ಸಾವಿರ ಓಂ ರೆಸಿಸ್ಟರ್ ಒಂದನ್ನು ಶಾಶ್ವತವಾಗಿ ಬೆಸೆದರೆ ಹತ್ತು ಸೆಕೆಂಡಿನಲ್ಲಿ ಬಹುಪಾಲು ಬರಿದಾಗುತ್ತದೆ. ಆ ರೆಸಿಸ್ಟರನ್ನೂ ಪೂರ್ತಿ ನಂಬಬಾರದು. ಮೀಟರು ಹಿಡಿದು ನೋಡಿ, ಹಿಡಿಯಿರುವ ಕೋಲಿನಿಂದ ನೆಲಕ್ಕೆ ಮುಟ್ಟಿಸಿ, ಆಮೇಲೆಯೇ ಕೈ ಹಾಕಬೇಕು. ಹಾಕುವಾಗಲೂ ಒಂದು ಕೈ ಜೇಬಿನಲ್ಲಿರಲಿ. ಎರಡು ಕೈಗಳ ನಡುವೆ ಹರಿದ ವಿದ್ಯುತ್ತು ಹೃದಯವನ್ನು ಹಾದುಹೋಗುತ್ತದೆ. ನಮ್ಮ ಮಕ್ಕಳು ಈ ವಿದ್ಯೆಗೆ ಬರಲಿ ಎಂದು ಬಯಸುವ ನಾನು ಅವರ ಮೊದಲ ಯಂತ್ರ 12 ವೋಲ್ಟಿನದೇ ಆಗಿರಲಿ ಎಂದು ಒತ್ತಿ ಹೇಳುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ಮಾತು ಇದು. ಶಕ್ತಿವರ್ಧಕವು ಬಾಯಿಗೆ ಬಲ ಕೊಡುತ್ತದೆ; ಕಿವಿಗೆ ಕೊಡುವುದಿಲ್ಲ. ನಾನು 384 ವ್ಯಾಟಿನಲ್ಲಿ ಕೂಗಿದೆನೆನ್ನಿ. ಧಾರವಾಡದವರಿಗೆ ನಾನು ಕೇಳಿಸುತ್ತೇನೆ. 6 ವ್ಯಾಟಿನಲ್ಲಿ ಅವರು ಕೊಡುವ ಉತ್ತರ ನನಗೆ ಕೇಳಿಸುವುದಿಲ್ಲ. ಮೊದಲಿದ್ದ ಸಂಭಾಷಣೆ ಈಗ ಘೋಷಣೆಯಾಗುತ್ತದೆ. ಅದೇ ಶ್ರಮವನ್ನು ಏರಿಯಲ್‌ಗೆ ಹಾಕಿ ನೋಡಿ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಾಮ್ರದ ತಂತಿ ಸಾಕು. ನಡುವೆ ಕತ್ತರಿಸಿ ಎರಡು ಕಡೆಗೂ ಹತ್ತು ಹತ್ತು ಮೀಟರ್ ಕಟ್ಟಬೇಕು. ಅದನ್ನು ಇನ್ನಷ್ಟು ಎತ್ತರಕ್ಕೆ, ಬಯಲಿಗೆ ಒಯ್ದರೆ, ಕೊಳೆತ ಕೇಬಲನ್ನು ಬದಲಿಸಿದರೆ ದೊರೆಯುವ ಲಾಭ ಹೇಳುವುದಕ್ಕೂ ಕೇಳುವುದಕ್ಕೂ ಸಮನಾಗಿ ಸಲ್ಲುತ್ತದೆ. ಇಂದು ಅಗ್ಗದ ಎಲ್‌ಇಡಿ ದೀಪಗಳು, ಚಾರ್ಜರುಗಳು, ಇನ್ವರ್ಟರುಗಳು ಊರ ತುಂಬ ರೇಡಿಯೋ ಗದ್ದಲವನ್ನು ಎಬ್ಬಿಸುತ್ತಿವೆ. ನನ್ನ ಮನೆಯ ಗದ್ದಲ ನನ್ನ ವರ್ಧಕದಿಂದ ಕಡಿಮೆಯಾಗುವುದಿಲ್ಲ. ಅದರ ಮೂಲವನ್ನು ಹುಡುಕಿ ಆರಿಸಬೇಕು, ಇಲ್ಲವೇ ಏರಿಯಲನ್ನು ಅದರಿಂದ ದೂರ ಒಯ್ಯಬೇಕು. ಆದುದರಿಂದ ನನ್ನ ಸಲಹೆಯ ಕ್ರಮ ಹೀಗಿದೆ: ಮೊದಲು ಕಿವಿ, ಆಮೇಲೆ ಏರಿಯಲ್, ಆಮೇಲೆ ಸ್ವಚ್ಛವಾದ ದನಿ, ಕೊನೆಗೆ ಶಕ್ತಿ.

ಹೊರನಾಡ ಸಂಘಗಳು ತಮ್ಮ ದನಿ ಬೆಂಗಳೂರಿಗೆ ಕೇಳಿಸುತ್ತಿಲ್ಲವೆಂದು ಕೊರಗುವುದನ್ನು ನಾನು ಬಲ್ಲೆ. ಆ ಕೊರಗಿನಲ್ಲಿ ಸತ್ಯವಿದೆ. ಆದರೆ ದೊಡ್ಡ ಸಭೆ, ದೊಡ್ಡ ಧ್ವನಿವರ್ಧಕ, ದೊಡ್ಡ ನಿರ್ಣಯಗಳ ಹಾದಿಯಲ್ಲಿ ಪ್ರತಿ ಗೆರೆಗೂ ನಾಲ್ಕು ಪಟ್ಟು ಬೆಲೆ ತೆರುತ್ತೇವೆ. ಹಾಗೆ ಮಾಡುವಾಗ ನಾವು ನೆಲೆಸಿದ ಊರಿನ ಮರಾಠಿ ನೆರೆಯವರ ಮಾತಿಗೆ, ಮನೆಯೊಳಗೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ತೊದಲುವ ನಮ್ಮ ಮೊಮ್ಮಕ್ಕಳ ಮಾತಿಗೆ ಎಷ್ಟು ಕಿವಿಗೊಟ್ಟಿದ್ದೇವೆ? ‘ಬಸವಂತ್’ ಎಂದೊಡನೆ ನಮ್ಮ ಕಿವಿಗೆ ಬಸವ ಕೇಳಿಸುವಂತೆ, ಇಲ್ಲಿಯವರಿಗೆ ನಮ್ಮ ಮಾತಿನಲ್ಲಿ ತಮ್ಮದೇನಾದರೂ ಕೇಳಿಸುವಂತೆ ನಾವು ಮಾತನಾಡುತ್ತಿದ್ದೇವೆಯೇ? ಇದನ್ನು ಯೋಚಿಸಬೇಕಾಗಿದೆ.

ಕಾನೂನಿನ ವಿಷಯವಾಗಿ ಎರಡು ಮಾತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ಸಾರ್ವಜನಿಕ ಸ್ವತ್ತೆಂದರೆ ಊರ ಕೆರೆಯಿದ್ದಂತೆ. ಯಾರೂ ಮುಟ್ಟಬಾರದೆಂದಲ್ಲ, ಯಾರೂ ಕೆಡಿಸಬಾರದೆಂದು. ಹವ್ಯಾಸಿಗೆ ಪರೀಕ್ಷೆಯುಂಟು, ಪರವಾನಗಿಯುಂಟು, ದರ್ಜೆಗೆ ತಕ್ಕ ಶಕ್ತಿಯ ಮಿತಿಯುಂಟು. ಆ ಮಿತಿಯನ್ನು ತಿಳಿದುಕೊಳ್ಳದೆ ಯಾರೂ ವರ್ಧಕಕ್ಕೆ ಕೈಹಾಕಬಾರದು. ವ್ಯಾಪಾರವನ್ನಾಗಲಿ, ರಾಜಕೀಯವನ್ನಾಗಲಿ ಅಲ್ಲಿ ಆಡುವಂತಿಲ್ಲ. ಆದರೆ ಕನ್ನಡವನ್ನು ಆಡಬಹುದು. ಗುಟ್ಟಿನ ಸಂಕೇತಭಾಷೆ ಕೂಡದು. ಯಾರು ಬೇಕಾದರೂ ಕೇಳಿ ತಿಳಿಯಬಹುದಾದ ಮಾತಾಗಿರಬೇಕು. 1942ರಲ್ಲಿ ಕದ್ದು ಆಡಬೇಕಾಗಿದ್ದ ಆ ಪಟ್ಟಿಯಲ್ಲಿಯೇ ಇಂದು ನಾವು ನಮ್ಮ ಹೆಸರು, ಕರೆಸಂಕೇತ ಹೇಳಿ ಬಹಿರಂಗವಾಗಿ ಮಾತನಾಡಬಲ್ಲೆವು. ಈ ಸ್ವಾತಂತ್ರ್ಯ ಸಣ್ಣದಲ್ಲ.

ಸಂಘದ ಮುಂದೆ ನನ್ನ ವಿನಂತಿ ಇಷ್ಟೆ. ವಾರಕ್ಕೊಮ್ಮೆ, ಎರಡು ಗಂಟೆ, ಈ ಸಭಾಭವನದ ಒಂದು ಕೋಣೆಯನ್ನು ಕೊಡಿ. 12 ವರ್ಷ ತುಂಬಿದ ಮಕ್ಕಳು ಪರೀಕ್ಷೆಗೆ ಕೂಡಬಹುದು. ಕನ್ನಡದ ಮಕ್ಕಳೊಂದಿಗೆ ಮರಾಠಿಯ ಮಕ್ಕಳೂ ಬರಲಿ. ಮೊದಲ ಆರು ತಿಂಗಳು ಪ್ರೇಷಕವನ್ನು ಮುಟ್ಟಿಸದೆ ಗ್ರಾಹಕವನ್ನು ಮಾತ್ರ ಕಟ್ಟಿಸಿ ಕೇಳುವುದನ್ನು ಕಲಿಸುತ್ತೇನೆ. ಅನಂತರ 6 ವ್ಯಾಟ್. ಧಾರವಾಡದಿಂದ ಉತ್ತರ ಬಂದು, ಆ ಉತ್ತರವನ್ನು ಮಗುವೊಂದು ತಪ್ಪಿಲ್ಲದೆ ಬರೆದುಕೊಂಡ ದಿನ ಶಕ್ತಿವರ್ಧಕದ ಪಾಠ ಆರಂಭವಾಗಲಿ. ಬಿಡಿಭಾಗಗಳ ಖರ್ಚು ನನ್ನದು. ಕೋಣೆ ಮತ್ತು ಮಕ್ಕಳು ನಿಮ್ಮವು.